ಎಣಿಕೆಗೆ ಬಾರದ ಜೀವ

ಹೋಳಿ ಹುಣ್ಣಿಮೆ ಮುಗಿಯಿತೆಂದರೆ ನಮ್ಮ ಕಡೆ ಶ್ರೀಶೈಲ ಮಲ್ಲಯ್ಯನ ಕಂಬಿ ಹೆಗಲಿಗೆ ಏಳುವ ಕಾಲ. ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟಬೇಕು. ಕೊಡೇಕಲ್ಲಿನ ಅಗಸಿ ಬಿಟ್ಟು, ಹುಣಸಗಿ ದಾಟಿ, ತಿಂಥಣಿ ಸೇತುವೆಯ ಮೇಲೆ ಕೃಷ್ಣೆಗೆ ಕೈಮುಗಿದು, ದೇವದುರ್ಗ, ರಾಯಚೂರು. ಆಮೇಲೆ ತುಂಗಭದ್ರೆ, ಕರ್ನೂಲು, ಆತ್ಮಕೂರು. ಅಲ್ಲಿಂದಾಚೆ ನಲ್ಲಮಲದ ಬೆಟ್ಟ, ಕಾಡು, ಕಲ್ಲು. 300 ಕಿಲೋಮೀಟರಿಗೂ ಮಿಕ್ಕಿದ ದಾರಿ. ಸುರಪುರ, ಶಹಾಪುರ, ಯಾದಗಿರಿ ಸೀಮೆಯ ಎಷ್ಟೋ ಹಳ್ಳಿಗಳು ತಲೆಮಾರುಗಳಿಂದ ಶ್ರೀಶೈಲಕ್ಕೆ ನಡೆದಿವೆ. ಹೀಗೆ ಹೊರಟ ತಂಡದ ಹಿಂದೆ ಓಣಿಯ ನಾಯಿಯೊಂದು ಹೊರಡುವುದೂ ಹೊಸದಲ್ಲ. ಆದರೆ ಹೊರಟ ನಾಯಿಗಳಲ್ಲಿ ಎಷ್ಟು ತಿರುಗಿ ಬಂದವು ಎಂದು ಕೇಳಿ ನೋಡಿ. ಯಾರೂ ಲೆಕ್ಕ ಕೊಡುವುದಿಲ್ಲ. ಲೆಕ್ಕದ ಬದಲು ಒಂದು ಮಾತು ಕೊಡುತ್ತಾರೆ: "ನಾವೇನು ಕರಕೊಂಡು ಹೋಗಿಲ್ರೀ, ಅದಽ ಬೆನ್ನ ಹತ್ತಿ ಬಂತು." ನಾನು ಬರೆಯುತ್ತಿರುವುದು ಈ ಒಂದು ಮಾತಿನ ವಿರುದ್ಧ. ಇದು ಸುಳ್ಳು. ನಾಚಿಕೆ ಮುಚ್ಚಿಕೊಳ್ಳಲು ನಾವೆಲ್ಲ ಕೂಡಿ ಹೊಲಿದುಕೊಂಡ ಅರಿವೆ.

ಇನ್ನೊಬ್ಬರತ್ತ ಬೆರಳು ಮಾಡುವ ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ತಂಡದಲ್ಲಿ 31 ಮಂದಿ ಇದ್ದೆವು. ನಮ್ಮ ಓಣಿಯಲ್ಲೇ ಹುಟ್ಟಿ, ನಾಲ್ಕು ಮನೆಯ ರೊಟ್ಟಿ ತಿಂದು ಬೆಳೆದ ಕರಿಯ ಅಗಸಿಯವರೆಗೂ ಬಂದ. ಅಲ್ಲಿಯೇ ಒಬ್ಬರು ಗದರಿಸಿ ತಿರುಗಿಸಿದ್ದರೆ ತಿರುಗುತ್ತಿದ್ದ. ಯಾರೂ ಗದರಲಿಲ್ಲ. ಒಬ್ಬರು ಬಿಸ್ಕತ್ತು ಹಾಕಿದರು, ಒಬ್ಬರು ಹಣೆಗೆ ಭಂಡಾರ ಹಚ್ಚಿದರು, ಇನ್ನೊಬ್ಬರು ಮೊಬೈಲ್ ಹಿಡಿದರು. ಮೊದಲ ದಿನ ನಮ್ಮ ಮುಂದೆ ನಡೆದ, ಮೂರನೆಯ ದಿನ ನಡುವೆ ನಡೆದ, ಐದನೆಯ ದಿನ ಹಿಂದೆ ಬಿದ್ದ. ಅವನು ಕುಂಟುತ್ತಿದ್ದುದನ್ನು ಎಲ್ಲರೂ ಕಂಡೆವು. ನಮ್ಮ ಕಾಲೂ ಕುಂಟುತ್ತಿವೆಯಲ್ಲ ಎಂದುಕೊಂಡೆವು. ನಲ್ಲಮಲದ ಕಾಡಿನ ಭೀಮನಕೊಳ್ಳದಲ್ಲಿ ಅವನು ನೀರಿಗಿಳಿದು ನಿಂತಾಗ ನಾನೇ ಮುಂಗಾಲು ಎತ್ತಿ ನೋಡಿದೆ. ಅಂಗಾಲಿನ ಕಪ್ಪು ಮೆತ್ತೆ ಹಂಚಿಗೆ ಹತ್ತಿದ ರೊಟ್ಟಿಯ ಪದರಿನಂತೆ ಕಿತ್ತು ಬಂದಿತ್ತು. ಅಡಿಯಲ್ಲಿ ಗುಲಾಬಿ ಮಾಂಸ, ಬೆರಳ ಸಂದಿಯಲ್ಲಿ ಮುರಿದ ಜಾಲಿಮುಳ್ಳು, ಅದರ ಸುತ್ತ ಕೀವು. ನನ್ನ ಕೈಯನ್ನು ಅವನು ಒಮ್ಮೆ ನೆಕ್ಕಿದ. ಶ್ರೀಶೈಲಕ್ಕೆ ಹತ್ತುವ ಕೈಲಾಸ ಬಾಗಿಲಿನ ಮೆಟ್ಟಿಲು ಶುರುವಾಗುವಲ್ಲಿ ಕೂತುಬಿಟ್ಟ. ನಾವು ಹತ್ತಿದೆವು. ಮೇಲಿಂದ ಒಮ್ಮೆ ಕರೆದೆವು, ಬರಲಿಲ್ಲ. ನಮ್ಮ ಮುಂದೆ ಮಲ್ಲಯ್ಯನಿದ್ದ, ಹಿಂದೆ ಕರಿಯನಿದ್ದ. ನಾವು ಮುಂದೆ ನೋಡಿದೆವು.

ದರ್ಶನವಾಯಿತು, ಯುಗಾದಿಯಾಯಿತು, ಊರಿಗೆ ಬರಲು ಬಸ್ಸು ಹತ್ತಿದೆವು. ಹಿರಿಯರೊಬ್ಬರು ತಲೆ ಎಣಿಸಿದರು. "ಮೂವತ್ತೊಂದು. ಎಲ್ಲಾರೂ ಬಂದಾರ, ನಡೀರಿ" ಎಂದರು. ಕಂಬಿ ಎಣಿಸಿದೆವು, ಚೀಲ ಎಣಿಸಿದೆವು, ಪ್ರಸಾದದ ಪೊಟ್ಟಣ ಎಣಿಸಿದೆವು. ಊರು ಮುಟ್ಟಿದ ಮರುದಿನ, ಹಿಂದೆ ನಮ್ಮ ಹೊಲದಲ್ಲಿ ಕುರಿಹಿಂಡು ತರುಬುತ್ತಿದ್ದ ಕುರುಬರ ಅಜ್ಜ ಕಟ್ಟೆಯ ಮೇಲೆ ಸಿಕ್ಕ. "ಎಲ್ಲಾರೂ ಬಂದ್ರೇನು ತಮ್ಮಾ?" ಎಂದ. "ಬಂದ್ವಿ ಯಜ್ಜಾ" ಎಂದೆ. "ನಾಯಿ?" ಎಂದ. ನಾನು ಹೇಳಿದ್ದು ಅದೇ ಮಾತು, ಎಲ್ಲರೂ ಹೇಳುವ ಮಾತು: ಅದಽ ಬೆನ್ನ ಹತ್ತಿ ಬಂದಿತ್ತು ಯಜ್ಜಾ. ಅಜ್ಜ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮಾತಾಡದೆ ಎದ್ದು ಹೋದ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಆ ಅಜ್ಜ ಎದ್ದು ಹೋದದ್ದೇಕೆ ಎಂಬುದು ತಿಳಿಯಬೇಕಾದರೆ ಕುರಿಗಾರರ ನಡಿಗೆ ಹೇಗಿತ್ತೆಂದು ತಿಳಿಯಬೇಕು. ಮಳೆಗಾಲ ಕಳೆದ ಮೇಲೆ ನಮ್ಮ ಸೀಮೆಯ ಕುರಿಗಾರರು ದಖ್ಖನಿ ಕುರಿಯ ಹಿಂಡು ಹೊಡೆದುಕೊಂಡು ಕೃಷ್ಣಾ, ಭೀಮಾ ದಂಡೆಯ ಹೊಲಗಳತ್ತ ಹೊರಡುತ್ತಿದ್ದರು. ತಿಂಗಳುಗಟ್ಟಲೆ ನಡಿಗೆ. ಹೊಲದಲ್ಲಿ ಹಿಂಡು ತರುಬಿದ್ದಕ್ಕೆ ರೈತ ಕಾಳು ಕೊಡುತ್ತಿದ್ದ, ಹಿಂಡು ಗೊಬ್ಬರ ಕೊಡುತ್ತಿತ್ತು, ನಾಯಿ ಇರುಳು ಕೊಡುತ್ತಿತ್ತು. ಹೌದು, ಇರುಳೆಲ್ಲ ಎಚ್ಚರಿದ್ದು ತೋಳದಿಂದ ಕಾಯ್ದು, ಮನುಷ್ಯನಿಗೆ ನಿದ್ದೆ ಕೊಡುತ್ತಿತ್ತು. ಆ ಋಣವನ್ನು ಅವರು ಬಾಯಲ್ಲಿ ಹೇಳುತ್ತಿರಲಿಲ್ಲ, ಕೈಯಲ್ಲಿ ತೀರಿಸುತ್ತಿದ್ದರು. ಚಿಕ್ಕಂದಿನಲ್ಲಿ ನಮ್ಮ ಹೊಲದ ದಡ್ಡಿಯ ಪಕ್ಕ ಕೂತು ನಾನು ಕಣ್ಣಾರೆ ಕಂಡಿದ್ದೇನೆ: ಒಲೆಯ ಮೇಲಿನ ಮೊದಲ ರೊಟ್ಟಿ ಆರಿದ ಮೇಲೆ ಅಂಬಲಿಯಲ್ಲಿ ಮುರಿದು ನಾಯಿಗೆ. ಆಮೇಲೆ ಕಂದೀಲು ಹತ್ತಿರ ಇಟ್ಟುಕೊಂಡು ಒಂದೊಂದೇ ಕಾಲೆತ್ತಿ, ಬೆರಳ ಸಂದಿ ಬಿಡಿಸಿ, ಮುಳ್ಳು ತೆಗೆದು, ಔಡಲೆಣ್ಣಿ ಸವರುವುದು. ಕಿವಿಯ ಹಿಂದೆ, ಕತ್ತಿನ ಕೆಳಗೆ ಬೆರಳಾಡಿಸಿ ಉಣ್ಣಿ ಕಿತ್ತು ಕೆಂಡಕ್ಕೆ ಹಾಕುವುದು. ಇಷ್ಟಾದ ಮೇಲೆಯೇ ತನ್ನ ಊಟ. ಬೆಳಿಗ್ಗೆ ಹಿಂಡು ಎಣಿಸುವಾಗ ನಾಯಿಯೂ ಎಣಿಕೆಗೆ ಸೇರುತ್ತಿತ್ತು. ಎಳೆ ನಾಯಿಯನ್ನು ಮೊದಲ ವರ್ಷ ದೂರದ ನಡಿಗೆಗೆ ಒಯ್ಯುತ್ತಿರಲಿಲ್ಲ, ಗಬ್ಬದ ಹೆಣ್ಣುನಾಯಿಯನ್ನು ಒಯ್ಯುತ್ತಿರಲಿಲ್ಲ, ಹಲ್ಲುದುರಿದ ಮುದಿನಾಯಿಗೆ ಹಟ್ಟಿಯ ಬಾಗಿಲಲ್ಲಿ ಜಾಗ ಇರುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದ ಆ ಜನ ಇದನ್ನೆಲ್ಲ ತಿಳಿದಿದ್ದರು. ಓದಿದ ನಾವು ಮರೆತೆವು.

ಅವರ ಕೈ ಬಲ್ಲದ್ದನ್ನೇ ಇಂದು ಪಶುವೈದ್ಯ ಶಾಸ್ತ್ರವೂ ಹೇಳುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರಿನ ಗ್ರಂಥಿಗಳಿರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಮೈಯ ಕಾವು ಹೊರಹೋಗಬೇಕಾದರೆ ಅದು ನಾಲಿಗೆ ಚಾಚಿ ಏದುಸಿರು ಬಿಡಲೇಬೇಕು. ಸುತ್ತಲಿನ ಗಾಳಿಯೇ ಕುದಿಯುತ್ತಿದ್ದರೆ ಆ ಏದುಸಿರೂ ಸಾಲದು. ಆರೋಗ್ಯವಂತ ನಾಯಿಯ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106ರ ಹತ್ತಿರ ಬಂತೆಂದರೆ ಮಿದುಳು, ಮೂತ್ರಪಿಂಡ, ಕರುಳು ಒಂದೊಂದಾಗಿ ಸೋಲತೊಡಗುತ್ತವೆ. ನಾಯಿ ತೂರಾಡುತ್ತದೆ, ವಾಂತಿ ಮಾಡುತ್ತದೆ, ಬೀಳುತ್ತದೆ. ಯುಗಾದಿಯ ಮುಂಚಿನ ದಿನಗಳಲ್ಲಿ ರಾಯಚೂರು, ಕರ್ನೂಲು ದಾರಿಯ ಬಿಸಿಲು ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಡುಮಧ್ಯಾಹ್ನ ಡಾಂಬರು 60 ಡಿಗ್ರಿ ಸೆಲ್ಸಿಯಸ್ ತನಕ ಕಾಯುತ್ತದೆ. ನಿಮ್ಮ ಅಂಗೈಯ ಹಿಂಬದಿಯನ್ನು ಆ ಡಾಂಬರಿನ ಮೇಲಿಟ್ಟು ಏಳು ಎಣಿಸಿ. ಏಳರ ತನಕ ಇಡಲಾಗದಿದ್ದರೆ ಆ ರಸ್ತೆ ನಾಯಿಯ ಕಾಲಿಗಲ್ಲ. ಇಷ್ಟು ಸಣ್ಣ ಪರೀಕ್ಷೆಯನ್ನು ಆ ಹತ್ತು ದಿನದ ನಡಿಗೆಯಲ್ಲಿ ನಮ್ಮ 31 ಮಂದಿಯಲ್ಲಿ ಒಬ್ಬರೂ ಮಾಡಲಿಲ್ಲ. ಮಾಡಲು ಬಾರದ್ದರಿಂದಲ್ಲ, ಮಾಡಿದರೆ ನೆರಳಲ್ಲಿ ನಿಲ್ಲಬೇಕಾಗುತ್ತಿತ್ತು.

ನಮ್ಮ ಸಿದ್ಧತೆಯನ್ನು ನೋಡಿ. ಒಂದು ತಿಂಗಳ ಮುಂಚೆಯೇ ಪಟ್ಟಿ ಬರೆಯುತ್ತೇವೆ. ಟೆಂಪೊ ಗೊತ್ತು ಮಾಡುತ್ತೇವೆ. ಅದರಲ್ಲಿ ಅಕ್ಕಿ, ಬೇಳೆ, ಸಿಲಿಂಡರು, ತಾಡಪಾಲು, ಧ್ವನಿವರ್ಧಕ, ಬಣ್ಣದ ದೀಪ, ಮೊಬೈಲ್ ಚಾರ್ಜಿಗೆ ಬ್ಯಾಟರಿ, ನೀರಿನ ಕ್ಯಾನು, ನೋವಿನ ಮುಲಾಮು, ಕಾಲುಚೀಲ. ಊರೂರಿಗೂ ಅರವಟ್ಟಿಗೆ, ದಾಸೋಹ. ಹೋಳಿಗೆ, ಸಜ್ಜಕ, ಮಜ್ಜಿಗೆ. ಕಾಲು ಒತ್ತುವ ಪುಣ್ಯವಂತರೂ ಇದ್ದಾರೆ. ಮನುಷ್ಯನ ಕಾಲಿಗೆ ಇಷ್ಟು ಉಪಚಾರ ಹಿಂದೆ ಎಂದೂ ಇರಲಿಲ್ಲ. ಈ ಎಲ್ಲದರ ನಡುವೆ ನಾಯಿಗೊಂದು ತಗಡಿನ ತಾಟು ಇರಲಿಲ್ಲ. 20 ಕಿಲೋ ತೂಗುವ ನಾಯಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಒಂದು ಲೀಟರಿಗೂ ಹೆಚ್ಚು ನೀರು ಬೇಕು. ಬಿಸಿಲಲ್ಲಿ ನಡೆದರೆ ಅದರ ಎರಡರಷ್ಟು, ಮೂರರಷ್ಟು. ನಾವು ಕುಡಿದು ಬಿಸಾಕಿದ ಪ್ಲಾಸ್ಟಿಕ್ ಲೋಟ ನೆಕ್ಕಿ ಅದು ಬಾಯಾರಿಕೆ ತೀರಿಸಿಕೊಳ್ಳಬೇಕಾಯಿತು. ಕಾಲಜ್ಞಾನಿ ಕೊಡೇಕಲ್ ಬಸವಣ್ಣನ ನೆಲದವರು ನಾವು. ಕಾಲ ಕೆಡುತ್ತದೆ, ಧರ್ಮ ಕುಂದುತ್ತದೆ ಎಂಬ ಮಾತನ್ನು ಕಟ್ಟೆಯ ಮೇಲೆ ಕೂತು ದಿನಕ್ಕೆ ಹತ್ತು ಸಲ ಆಡುತ್ತೇವೆ, ಕೆಡಿಸುವವರು ಬೇರೆ ಯಾರೋ ಇದ್ದಾರೆಂಬಂತೆ. ಬಾಯಾರಿದ ಜೀವದ ಮುಂದೆ ನೀರಿನ ಕ್ಯಾನು ಹೊತ್ತ ಟೆಂಪೊ ಹಾದುಹೋಗುವುದಕ್ಕಿಂತ ಕಾಲ ಕೆಡುವುದು ಬೇರೆ ಇದೆಯೇ?

ಔಷಧಿಯ ವಿಷಯ ಇನ್ನೂ ಕೆಟ್ಟದ್ದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ನಾಯಿಯಾಗಲಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪವೆಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಲಸಿಕೆ ಬಂದದ್ದು 1885ರಲ್ಲಿ, ಲೂಯಿ ಪಾಶ್ಚರನ ಕೈಯಿಂದ. ಜಗತ್ತಿನಲ್ಲಿ ರೇಬೀಸಿನಿಂದ ಸಾಯುವವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಇಂದಿಗೂ ನಮ್ಮ ದೇಶದವರೇ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೀಗಿದ್ದೂ ಹಲವು ಜಿಲ್ಲೆ, ರಾಜ್ಯ, ನೂರಾರು ಊರನಾಯಿಗಳ ಗಡಿ ದಾಟಬೇಕಾದ ನಾಯಿಗೆ ಒಂದು ಚುಚ್ಚುಮದ್ದು ಹಾಕಿಸದೆ ಹೊರಡುತ್ತೇವೆ. ಪ್ರತಿ ಊರಿನ ಎಲ್ಲೆಯಲ್ಲೂ ಅಲ್ಲಿಯ ನಾಯಿಗಳು ಅದರ ಮೇಲೆ ಬೀಳುತ್ತವೆ, ಕಚ್ಚುತ್ತವೆ. ಆ ಗಾಯದ ಬಾಯಿಯನ್ನೇ ನಮ್ಮ ಮಕ್ಕಳು ಸವರುತ್ತಾರೆ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ. ಮೊದಲ ಸಲ ಹಾಕಿಸುವುದಾದರೆ ಹೊರಡುವ ತಿಂಗಳ ಮುಂಚೆಯೇ ಹಾಕಿಸಬೇಕು. ಜೊತೆಗೆ ಡಿಸ್ಟೆಂಪರ್, ಪಾರ್ವೊ, ಇಲಿಜ್ವರದ ಲಸಿಕೆ, ಜಂತಿನ ಮಾತ್ರೆ, ಉಣ್ಣಿಗೆ ಔಷಧಿ. ಉಣ್ಣಿಯಿಂದ ಬರುವ ಜ್ವರ ನಾಯಿಯ ರಕ್ತವನ್ನೇ ತಿನ್ನುತ್ತದೆ. ವಸಡು ಬೆಳ್ಳಗಾಗುತ್ತದೆ, ಮೂಗಿನಿಂದ ರಕ್ತ ಸೋರುತ್ತದೆ. ಇದಕ್ಕೆಲ್ಲ ನಾವು ಮಾಡಿದ್ದೇನು? ಕುಂಟುವ ನಾಯಿಗೆ ನಮ್ಮ ಜೇಬಿನ ನೋವಿನ ಮಾತ್ರೆಯನ್ನು ಬಾಳೆಹಣ್ಣಿನಲ್ಲಿಟ್ಟು ತಿನ್ನಿಸಿದೆವು. ಮನುಷ್ಯರ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ದಾಸೋಹದ ಉಳ್ಳಾಗಡ್ಡಿ ಹಾಕಿದ ಪಲ್ಯವೂ ಅದಕ್ಕೆ ವಿಷವೇ. ಕರುಣೆ ಎಂದುಕೊಂಡು ಕೊಟ್ಟದ್ದು ಕರುಣೆಯಾಗುವುದಿಲ್ಲ. ದನದ ದವಾಖಾನಿಗೆ ಅರ್ಧ ದಿನ ಕೊಡಲಾಗದವನ ಕರುಣೆ ಬಾಳೆಹಣ್ಣಿನೊಳಗಿನ ಮಾತ್ರೆಯಷ್ಟೇ ದೊಡ್ಡದು.

2019ರ ನವೆಂಬರಿನಲ್ಲಿ ಒಂದು ವಿಡಿಯೊ ನಾಡೆಲ್ಲ ಓಡಾಡಿತು. ತಿರುಮಲದಿಂದ ಶಬರಿಮಲೆಗೆ ನಡೆದು ಹೊರಟ 13 ಮಂದಿ ಅಯ್ಯಪ್ಪ ಭಕ್ತರ ಹಿಂದೆ ನಾಯಿಯೊಂದು ನಡೆದು ಬಂದು ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರ ಮುಟ್ಟಿತ್ತು. ಅಷ್ಟರಲ್ಲಿ 480 ಕಿಲೋಮೀಟರ್ ನಡೆದಾಗಿತ್ತು. ಆ ಭಕ್ತರು ಅದಕ್ಕೆ ಉಣಿಸಿದರು, ಕಾಲಿಗೆ ಗಾಯವಾದಾಗ ಚಿಕಿತ್ಸೆ ಕೊಡಿಸಿದರು ಎಂದು ವರದಿಯಾಯಿತು. ಅವರು ಮಾಡಬೇಕಾದ್ದನ್ನು ಮಾಡಿದರು. ನಮ್ಮ ಪಾಲಿನ ತಪ್ಪು ಬೇರೆ. ಆ ಸುದ್ದಿಯಲ್ಲಿ ನಾವು ಕಂಡದ್ದು ನಾಯಿಯ ಭಕ್ತಿಯನ್ನು. ಕಾಣದೆ ಬಿಟ್ಟದ್ದು ಅದರ ಗಾಯವನ್ನು. "ಪ್ರಾಣಿಗೂ ದೇವರ ಮೇಲೆ ಎಂಥಾ ಭಕ್ತಿ ನೋಡ್ರಿ" ಎಂದು ಕಣ್ಣೊರೆಸಿಕೊಂಡೆವು. ನಾಯಿ ಮಲ್ಲಯ್ಯನ ಬೆನ್ನು ಹತ್ತಿ ಬರುವುದಿಲ್ಲ, ಅಯ್ಯಪ್ಪನ ಬೆನ್ನು ಹತ್ತಿಯೂ ಬರುವುದಿಲ್ಲ. ಅದು ರೊಟ್ಟಿ ಹಾಕಿದ ಕೈಯ ಬೆನ್ನು ಹತ್ತಿ ಬರುತ್ತದೆ. ಅದು ನಂಬಿದ್ದು ನಮ್ಮನ್ನು. ಆ ನಂಬಿಕೆಯನ್ನು ದೇವರ ಲೆಕ್ಕಕ್ಕೆ ಬರೆದುಬಿಟ್ಟರೆ ನಮ್ಮ ಹೊಣೆ ಹಗುರಾಗುತ್ತದೆ; ಅದಕ್ಕೇ ಹಾಗೆ ಬರೆಯುತ್ತೇವೆ. ಪೇಟೆಯವರು ಇದಕ್ಕಿಂತ ಮೇಲೇನೂ ಅಲ್ಲ. ಚಳಿ ದೇಶದ ಹಸ್ಕಿಯನ್ನು, ಮೂಗು ಚಪ್ಪಟೆಯಾಗಿ ಸರಿಯಾಗಿ ಉಸಿರೂ ಆಡಲಾರದ ಪಗ್ಗನ್ನು, ವಾರವೆಲ್ಲ ಮೂರನೆಯ ಮಹಡಿಯಲ್ಲಿ ಕಟ್ಟಿಹಾಕಿ, ಭಾನುವಾರ ಒಮ್ಮೆಲೇ ಬೆಟ್ಟ ಹತ್ತಿಸಿ, ತುದಿಯಲ್ಲಿ ನಿಲ್ಲಿಸಿ ಫೋಟೊ ತೆಗೆಯುವವರು ಕಡಿಮೆಯಿಲ್ಲ. ಹಳ್ಳಿಯವರದು ಅಲಕ್ಷ್ಯ, ಪೇಟೆಯವರದು ಮೆರವಣಿಗೆ. ಸವೆಯುವುದು ಎರಡು ಕಡೆಯೂ ನಾಯಿಯ ಅಂಗಾಲು.

ನಾಯಿಯ ನೋವು ನಾಯಿಗೇ ಮುಗಿಯುವುದೂ ಇಲ್ಲ. ಆತ್ಮಕೂರಿನಿಂದ ನಾಗಲೂಟಿ, ಭೀಮನಕೊಳ್ಳದ ಮೂಲಕ ನಾವು ನಡೆಯುವ ಕಾಡು ದೇಶದಲ್ಲೇ ಅತಿ ದೊಡ್ಡದಾದ ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶ. ಅದು ಹುಲಿಯ ಮನೆ, ಚಿರತೆಯ ಮನೆ, ಕರಡಿಯ ಮನೆ. ನಾವು ಅಲ್ಲಿ ಕೆಲವು ದಿನದ ಅತಿಥಿಗಳು. ಲಸಿಕೆಯಿಲ್ಲದ ನಾಯಿಯ ಮೈಯಲ್ಲಿ ಡಿಸ್ಟೆಂಪರ್ ಎಂಬ ರೋಗ ಹೊಕ್ಕರೆ ಅದರ ಜೊಲ್ಲು, ಉಚ್ಚೆ, ಹೇಲಿನಲ್ಲಿ ರೋಗ ಕಾಡಿಗಿಳಿಯುತ್ತದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಇದೇ ರೋಗ ಮೂರರಲ್ಲೊಂದು ಪಾಲು ಸಿಂಹಗಳನ್ನು ಕೊಂದಿತು. ಸುತ್ತಲಿನ ಹಳ್ಳಿಗಳ ಸಾಕುನಾಯಿಗಳತ್ತ ವಿಜ್ಞಾನಿಗಳು ಬೆರಳು ಮಾಡಿದರು. 2018ರಲ್ಲಿ ನಮ್ಮ ಗಿರ್ ಕಾಡಿನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಅವುಗಳಲ್ಲಿಯೂ ಈ ರೋಗಾಣು ಸಿಕ್ಕಿತು. ಕಾಡಿನಲ್ಲಿ ಕೈಬಿಟ್ಟ ನಾಯಿಗೆ ಇರುವುದು ಎರಡೇ ದಾರಿ: ಚಿರತೆಯ ಬಾಯಿಗೆ ಬೀಳುವುದು, ಇಲ್ಲವೇ ಹಸಿವಿಗೆ ಜಿಂಕೆಮರಿಯ ಬೆನ್ನು ಹತ್ತುವುದು. ಎರಡರಲ್ಲಿ ಯಾವುದಾದರೂ ಪಾಪ ನಮ್ಮದೇ. "ಕಾಡಿನ್ಯಾಗ ಹೆಂಗಾರ ಬದುಕತೈತಿ" ಎನ್ನುವವರು ಕಾಡನ್ನೂ ಅರಿಯರು, ನಾಯಿಯನ್ನೂ ಅರಿಯರು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಹಿಂದೆ ಶ್ರೀಶೈಲಕ್ಕೆ ನಡೆದವರು ನಡೆದೇ ತಿರುಗಿ ಬರುತ್ತಿದ್ದರು. ಹೋದ ನಾಯಿಗೆ ಬರುವ ದಾರಿಯೂ ಕಾಲಡಿಯಲ್ಲೇ ಇರುತ್ತಿತ್ತು. ಈಗ ಹೋಗುವಾಗ ಕಾಲು, ಬರುವಾಗ ಬಸ್ಸು. ಭಕ್ತಿ ಅರ್ಧ ದಾರಿಯದ್ದು, ಸೌಕರ್ಯ ಉಳಿದರ್ಧದ್ದು. ಬಸ್ಸಿನಲ್ಲಿ ನಾಯಿಗೆ ಜಾಗ ಕೊಡುತ್ತೀರಾ ಎಂದು ಕೇಳುವವರೇ ಇಲ್ಲ. ತಿರುಗಿ ಹೋಗುವ ಟೆಂಪೊದಲ್ಲಿ ಪಾತ್ರೆಯ ನಡುವೆ ಒಂದು ಗೋಣಿಚೀಲ ಹಾಸಿದರೆ ಸಾಕು, ಅದನ್ನೂ ಹಾಸುವುದಿಲ್ಲ. ಹೀಗೆ ಉಳಿದ ನಾಯಿ ಪರನಾಡಿನ ನಾಯಿಗಳ ನಡುವೆ ಬೀಳುತ್ತದೆ. ನಾವು ಇನ್ನೊಂದು ವರ್ಷ ಹೋದಾಗ ಬೆಟ್ಟದ ಅಂಗಡಿಯ ಮುಂದೆ ಬಿಳಿ ಮಚ್ಚೆಯ ನಾಯಿಯೊಂದು ಮಲಗಿತ್ತು. ಅಂಗಡಿಯವರು "ರಾ, ರಾ" ಎಂದು ತೆಲುಗಿನಲ್ಲಿ ಕರೆದರೆ ಅದು ಅಲುಗಲಿಲ್ಲ. ನಮ್ಮ ಜೊತೆಯ ಹುಡುಗ "ಬಾ ಇಲ್ಲಿ" ಎಂದ. ಅದು ತಟ್ಟನೆ ತಲೆಯೆತ್ತಿತು, ಕಿವಿ ನಿಮಿರಿಸಿತು, ಎದ್ದು ಬಂದು ನಮ್ಮ ಪ್ರತಿಯೊಬ್ಬರ ಕಾಲನ್ನೂ ಮೂಸಿ ನೋಡಿತು. ಯಾರ ಕಾಲೂ ಅದು ಹುಡುಕುತ್ತಿದ್ದ ಕಾಲಲ್ಲ. ತಿರುಗಿ ಹೋಗಿ ಅದೇ ಜಾಗದಲ್ಲಿ ಮಲಗಿತು. ಯಾವ ಊರಿನವರು ಅದನ್ನು ಬಿಟ್ಟುಹೋದರೋ ನನಗೆ ತಿಳಿಯದು. ಕನ್ನಡದವರು ಎಂಬುದು ಮಾತ್ರ ತಿಳಿಯಿತು.

ನಮಗೆ ಧರ್ಮ ತಿಳಿಯದೆಂದು ಹೇಳುವಂತಿಲ್ಲ. ಧರ್ಮರಾಯ ಜೊತೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಹತ್ತಲಾರೆನೆಂದ ಕಥೆಯನ್ನು ನಮ್ಮ ಅಜ್ಜಿಯರು ಹೇಳಿದ್ದಾರೆ, ನಾವೂ ಮಕ್ಕಳಿಗೆ ಹೇಳುತ್ತೇವೆ. ಆ ನಾಯಿಯೂ ತಾನಾಗಿಯೇ ಬೆನ್ನು ಹತ್ತಿ ಬಂದದ್ದು; ಅವನು ಅದನ್ನು ನೆಪ ಮಾಡಲಿಲ್ಲ. ನಮ್ಮ ಯಾದಗಿರಿಯ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಸಂಕ್ರಾಂತಿಯಲ್ಲಿ ಸಾಗರದಂತೆ ಜನ ಸೇರುತ್ತಾರೆ. ಮೈಲಾರನೆಂದೂ ಕರೆಯುವ ಈ ದೇವರ ಪರಿವಾರದಲ್ಲಿ ನಾಯಿಗೆ ಸ್ಥಾನವಿದೆ. ಅವನ ಭಕ್ತರಾದ ಗೊರವಯ್ಯಗಳು ಮಂಡಿಯೂರಿ, ದೇವರ ನಾಯಿಗಳಾಗಿ, ಬೊಗಳುತ್ತ ದೋಣಿ ಎಂಬ ಪಾತ್ರೆಗೆ ಬಾಯಿ ಹಾಕಿ ಉಣ್ಣುವುದನ್ನು ಕಂಡು ಕೈಮುಗಿಯುತ್ತೇವೆ. ದೋಣಿ ತುಂಬಿಸುವುದು ನಮಗೆ ಹರಕೆ. ಆದರೆ ನಿಜವಾದ ನಾಯಿ ನಮ್ಮ ಹಿಂದೆ ಹತ್ತು ದಿನ ನಡೆದು ಬಂದಾಗ ತಾಟಿನಲ್ಲಿ ನೀರು ತುಂಬಿಸುವುದು ನಮಗೆ ನೆನಪಾಗುವುದಿಲ್ಲ. "ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ" ಎಂಬ ಗಾದೆ ಕಟ್ಟಿ ಹೊಣೆಗೇಡಿತನಕ್ಕೆ ನಾಯಿಯ ಹೆಸರಿಟ್ಟವರು ನಾವು. ನಮ್ಮ ತಂಡದಲ್ಲಿ ಮುಖಂಡ ಹುಡುಗರಿಗೆ ಹೇಳಿದ, ಹುಡುಗರು ಟೆಂಪೊದವನಿಗೆ ಹೇಳಿದರು, ಟೆಂಪೊದವನು ದೇವರಿಗೆ ಬಿಟ್ಟ. ಬಾಲಕ್ಕೆ ಹೇಳಿದ್ದು ಯಾರು?

ಕಾನೂನಿನ ಭಯ ನಮಗಿಲ್ಲ, ಭಯ ಹುಟ್ಟಿಸುವಷ್ಟು ಬಲವಾದ ಕಾನೂನೂ ಅದಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಂತೆ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಕೈಬಿಡುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಚಹಾ, ಒಂದು ತಟ್ಟೆ ಮಂಡಾಳು ಒಗ್ಗರಣೆಯ ಬೆಲೆ. ಸಂವಿಧಾನದ 51ಎ ವಿಧಿ ಜೀವಿಗಳಲ್ಲಿ ದಯೆಯನ್ನು ಪ್ರತಿ ಪ್ರಜೆಯ ಕರ್ತವ್ಯವೆಂದು ಬರೆದಿದೆ. ಕರ್ತವ್ಯವನ್ನು ಯಾರೂ ಪೊಲೀಸರನ್ನು ಕಳಿಸಿ ಮಾಡಿಸಲಾರರು. ಆದರೆ ನಮ್ಮನ್ನು ನೋಡುತ್ತಿರುವ ಸಾಕ್ಷಿಗಳಿದ್ದಾರೆ. ಪ್ರತಿ ತಂಡದಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗರು ಇರುತ್ತಾರೆ. ಕುಂಟುವ ನಾಯಿಗಾಗಿ ಅಪ್ಪ ನಿಲ್ಲುವನೋ ಇಲ್ಲವೋ ಎಂದು ಅವರು ನೋಡುತ್ತಾರೆ. ಕರಿಯನನ್ನು ಬಿಟ್ಟು ಹತ್ತಿದ ದಿನ ನನ್ನ ಅಣ್ಣನ ಮಗ ಪ್ರತಿ ತಿರುವಿನಲ್ಲಿ ಹಿಂದೆ ನೋಡುತ್ತಿದ್ದ. "ಕಾಕಾ, ಕರಿಯ ಬರಲಿಲ್ಲ" ಎಂದ, ಮೂರು ಸಲ. ನಾಲ್ಕನೆಯ ಸಲ ಹೇಳಲಿಲ್ಲ. ಅವನು ಅಂದು ಕಲಿತದ್ದನ್ನು, ನಾಳೆ ನಾವು ಮುದುಕರಾಗಿ ನಡೆಯಲಾರದೆ ಕೂತ ದಿನ, ನಮಗೇ ಒಪ್ಪಿಸಿದರೆ ಯಾರನ್ನು ದೂರೋಣ?

ಏನು ಮಾಡಬೇಕೆಂಬುದು ಗುಟ್ಟಲ್ಲ. ಮೊದಲ ಸಿದ್ಧತೆ ತೀರ್ಮಾನ. ನಾಯಿ ಬರಬೇಕೋ ಬೇಡವೋ ಎಂಬುದನ್ನು ಅಗಸಿಯಲ್ಲಿ ನಾಯಿ ನಿರ್ಧರಿಸಬಾರದು, ಮನೆಯಲ್ಲಿ ನಾವು ನಿರ್ಧರಿಸಬೇಕು. ಹುಲಿ ಕಾಡಿನ ದಾರಿಗೆ, ಫಾಲ್ಗುಣದ ಬಿಸಿಲಿಗೆ ಒಯ್ಯದಿರುವುದೇ ಹೆಚ್ಚಿನ ನಾಯಿಗಳಿಗೆ ಮಾಡುವ ಉಪಕಾರ. ಹಾಗಿದ್ದರೆ ಹೊರಡುವ ಬೆಳಿಗ್ಗೆ ಅದನ್ನು ಕಟ್ಟಿ, ಯಾರ ಮನೆಯಲ್ಲಿ ಉಣ್ಣಬೇಕೋ ಅವರ ಕೈಗೆ ಒಪ್ಪಿಸಿ, ಹಿಟ್ಟು ಕೊಟ್ಟು ಹೋಗಿ. ಮನೆಯ ಕೀಲಿ ಕೊಟ್ಟು ಹೋಗುವುದಿಲ್ಲವೇ, ಹಾಗೆ. ದಾರಿ ಬೇರೆಯಾಗಿದ್ದು, ಒಯ್ಯುವುದೇ ಆದರೆ ಮೂರು ತಿಂಗಳ ಮುಂಚೆ ಶುರು ಮಾಡಿ. ಒಂದು ವರ್ಷ ದಾಟಿದ, ಗಟ್ಟಿ ಎಲುಬಿನ, ವೈದ್ಯರು ನೋಡಿ ಸರಿ ಎಂದ ನಾಯಿಯನ್ನೇ ಒಯ್ಯಿರಿ. ಮೊದಲ ವಾರ ಎರಡು ಮೂರು ಕಿಲೋಮೀಟರ್, ಆಮೇಲೆ ವಾರವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಮಣ್ಣು, ಕಲ್ಲು, ಏರು, ಇಳಿಜಾರಿಗೆ ಅಂಗಾಲನ್ನು ಪಳಗಿಸಿ. ಕೊರಳಪಟ್ಟಿಗೆ ಊರ ಹೆಸರು, ಫೋನ್ ಸಂಖ್ಯೆ ಇರಲಿ. ಹಗ್ಗ ಕೈಯಲ್ಲಿರಲಿ. ನಸುಕಿನ ನಾಲ್ಕರಿಂದ ಒಂಬತ್ತು, ಸಂಜೆ ಹೊತ್ತಿಳಿದ ಮೇಲೆ, ಇಷ್ಟೇ ನಡಿಗೆ. ಗಂಟೆಗೊಮ್ಮೆ ನೀರು, ರಾತ್ರಿ ಪಾದದ ತಪಾಸಣೆ, ವಾರಕ್ಕೊಂದು ದಿನ ಪೂರ್ಣ ವಿಶ್ರಾಂತಿ. ಕುಂಟಿದ ದಿನ ಅದರ ನಡಿಗೆ ಮುಗಿಯಿತು. ನಿಮ್ಮದೂ ಮುಗಿಯಿತು, ಇಲ್ಲವೇ ಒಬ್ಬರು ಅದರೊಡನೆ ತಿರುಗಬೇಕು. ಮತ್ತು ಹೊರಡುವ ಮೊದಲೇ, ಬರುವ ಗಾಡಿಯಲ್ಲಿ ಅದರ ಜಾಗ ಗಟ್ಟಿಯಾಗಿರಬೇಕು. ಬರುವ ದಾರಿ ಕಟ್ಟದವನಿಗೆ ಹೋಗುವ ದಾರಿಯಲ್ಲಿ ನಾಯಿ ಕಟ್ಟಿಕೊಳ್ಳುವ ಅಧಿಕಾರವಿಲ್ಲ.

ಇದೆಲ್ಲ ಕಷ್ಟವೇ? ನಮ್ಮ ಕುರಿಗಾರರು ಕಂದೀಲು ಬೆಳಕಿನಲ್ಲಿ, ಒಂದು ಹಿಡಿ ಹಿಟ್ಟು, ಒಂದು ಬಟ್ಟಲು ಔಡಲೆಣ್ಣಿಯಲ್ಲಿ ಇದನ್ನು ಮಾಡುತ್ತಿದ್ದರು. ಇದೇ ನಾಡಿನ ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತೆಂದು ಎದೆ ಉಬ್ಬಿಸುತ್ತೇವೆ. ಚೀಟಿಯ ಮೇಲಿನ ನಾಯಿಗೆ ನೀರು ಬೇಕಾಗುವುದಿಲ್ಲ. ಅಂಗಳದ ನಾಯಿಗೆ ಬೇಕು. ನಮಗೆ ಗೊತ್ತಿಲ್ಲದ್ದು ಏನೂ ಇಲ್ಲ, ಬೇಡವಾದದ್ದು ಮಾತ್ರ ಇದೆ. ನಿಲ್ಲುವುದು ಬೇಡ, ಬಗ್ಗುವುದು ಬೇಡ, ಒಂದು ದಿನ ತಡವಾಗಿ ದೇವರ ಮುಖ ನೋಡುವುದು ಬೇಡ.

ಮತ್ತೆ ಯುಗಾದಿ ಬರುತ್ತದೆ, ಮತ್ತೆ ಅಗಸಿಯಲ್ಲಿ ಕಂಬಿ ಏಳುತ್ತದೆ, ಬಿಸ್ಕತ್ತಿನ ಪುಡಕೆಯ ಸದ್ದಿಗೆ ಯಾವುದೋ ಬಾಲ ಅಲುಗುತ್ತದೆ. ಆಗ ತಲೆ ಎಣಿಸುವ ಹಿರಿಯರು ಒಮ್ಮೆ ಕೆಳಗೂ ನೋಡಲಿ. ಅಂದು ಬಸ್ಸಿನಲ್ಲಿ ನಾವು ಮೂವತ್ತೊಂದು ಎಂದೆವು. ಹೋದದ್ದು ಮೂವತ್ತೆರಡು. ಆ ಅಜ್ಜ ಇಂದು ಬದುಕಿಲ್ಲ. ಅವನಿಗೆ ಸರಿಯಾದ ಎಣಿಕೆ ಹೇಳುವ ಅವಕಾಶ ನನಗೆ ಇನ್ನಿಲ್ಲ. ಅದಕ್ಕೇ ನಿಮಗೆ ಹೇಳಿದ್ದೇನೆ.